ಭಾರ ಎಂದರೆ ಎಷ್ಟು?

ಹರ್ನಿಯಾ ಆಪರೇಷನ್ ಮುಗಿದು ಡಿಸ್ಚಾರ್ಜ್ ಚೀಟಿ ಕೈಗೆ ಬರುವ ಹೊತ್ತಿಗೆ ಡಾಕ್ಟರು ಹತ್ತು ಮಾತು ಹೇಳಿರುತ್ತಾರೆ. ಮನೆ ಮುಟ್ಟುವಾಗ ಅದರಲ್ಲಿ ಒಂಬತ್ತು ದಾರಿಯ ಹೊಂಡಗಳಲ್ಲಿ ಉದುರಿಹೋಗಿ ಉಳಿಯುವುದು ಒಂದೇ: "ಭಾರ ಎತ್ತಬೇಡಿ." ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಇದಕ್ಕಿಂತ ಗೊಂದಲದ ಸಲಹೆ ಇನ್ನೊಂದು ಇರಲಾರದು. ಇಲ್ಲಿ ಭಾರವಲ್ಲದ್ದು ಯಾವುದು? ಒಣಅಡಿಕೆಯ ಗೋಣಿ 60-70 ಕಿಲೋ ತೂಗುತ್ತದೆ; ಅದು ಭಾರವೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ಹಟ್ಟಿಗೊಬ್ಬರದ ಹೆಡಿಗೆ? ಹಸಿಹುಲ್ಲಿನ ಕಟ್ಟು? ಡೈರಿಗೆ ಒಯ್ಯುವ ಹಾಲಿನ ಕ್ಯಾನು? ಅಂಗಳದಲ್ಲಿ ಹರಡಿದ ಅಡಿಕೆಗೆ ಅಕಾಲ ಮಳೆ ಬಂದಾಗ ಮನೆಮಂದಿಯೆಲ್ಲ ಓಡಿಬಂದು ಬಾಚುವ ಬುಟ್ಟಿ? ತುಂಬಿದ ಗ್ಯಾಸ್ ಸಿಲಿಂಡರು ಸುಮಾರು 30 ಕಿಲೋ ಇರುತ್ತದೆ, ಆದರೆ ಅದನ್ನು ಉರುಳಿಸಿಕೊಂಡು ಹೋದರೆ ಎತ್ತಿದಂತಾಯಿತೇ? ಹಟ್ಟಿಯ ಕರುವನ್ನು ನಾವು ಎತ್ತುವುದೇ ಇಲ್ಲ, ಅದೇ ನಮ್ಮನ್ನು ಹಗ್ಗಸಮೇತ ಎಳೆದುಕೊಂಡು ಹೋಗುತ್ತದೆ. ಅದು ಯಾವ ಲೆಕ್ಕಕ್ಕೆ? ಈ ಪ್ರಶ್ನೆಗಳಿಗೆ ಉತ್ತರ ಸಿಗದೆ ಜನ ಎರಡು ಪಂಗಡವಾಗುತ್ತಾರೆ. ಒಂದು ಪಂಗಡ ಮೂರು ತಿಂಗಳು ಮಂಚ ಬಿಟ್ಟು ಇಳಿಯುವುದಿಲ್ಲ. ಇನ್ನೊಂದು ಪಂಗಡ ಗೋಣಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಬಹುದೆಂದುಕೊಂಡು ಎಂಟನೇ ದಿನಕ್ಕೆ ತೋಟದಲ್ಲಿರುತ್ತದೆ. ಎರಡೂ ತಪ್ಪುವುದು ಒಂದೇ ಜಾಗದಲ್ಲಿ: ಭಾರವನ್ನು ಕೈಯಲ್ಲಿ, ಹೆಗಲಲ್ಲಿ, ತಲೆಯ ಮೇಲೆ ಹುಡುಕುತ್ತಾರೆ. ಹರ್ನಿಯಾದ ಮಟ್ಟಿಗೆ ಭಾರ ಇರುವುದು ಹೊಟ್ಟೆಯ ಒಳಗೆ.

ಇದು ಹೇಗೆಂದು ತಿಳಿಯಲು ಇಲ್ಲಿಯವರಿಗೆ ತೋಡಿನ ಕಟ್ಟಕ್ಕಿಂತ ಒಳ್ಳೆಯ ಪಾಠಪುಸ್ತಕ ಬೇಡ. ಮಳೆ ನಿಂತು ನೀರು ಇಳಿಯುವ ಹೊತ್ತಿಗೆ ಕಲ್ಲು ಮಣ್ಣು ಹಾಕಿ ತೋಡಿಗೆ ಅಡ್ಡ ಕಟ್ಟುತ್ತೇವಲ್ಲ, ಆ ಕಟ್ಟ ಒಡೆಯುವುದು ಅದರ ಮೇಲೆ ಯಾರೋ ನಡೆದಾಡಿದ್ದಕ್ಕಲ್ಲ. ಹಿಂದೆ ನಿಂತ ನೀರು ಹಗಲೂ ರಾತ್ರಿ ತಳ್ಳುತ್ತಿರುತ್ತದೆ, ಏಡಿಯ ಮಾಟೆಯೊಂದು ಸಿಕ್ಕಿತೋ ಅಲ್ಲಿಂದ ನುಗ್ಗುತ್ತದೆ. ಹೊಟ್ಟೆಯ ಗೋಡೆಯೂ ಇಂಥದೇ ಕಟ್ಟ. ಗಂಡುಮಗು ಹುಟ್ಟುವ ಮೊದಲು ಬೀಜಗಳು ಹೊಟ್ಟೆಯೊಳಗಿಂದ ಕೆಳಗಿಳಿದು ಬಂದ ದಾರಿ ತೊಡೆಸಂದಿನಲ್ಲಿ ಪೂರ್ತಿ ಭದ್ರವಾಗದೆ ಉಳಿದಿರುತ್ತದೆ. ಹೊಕ್ಕುಳು ಇನ್ನೊಂದು ದುರ್ಬಲ ಜಾಗ. ಸಿಸೇರಿಯನ್ ಅಥವಾ ಬೇರೆ ಆಪರೇಷನ್ನಿನ ಹಳೆಯ ಹೊಲಿಗೆ ಮತ್ತೊಂದು. ಒಳಗಿನ ಒತ್ತಡ ಇಂಥಲ್ಲಿ ಮಾಟೆ ಹುಡುಕಿ ಕೊಬ್ಬನ್ನೋ ಕರುಳಿನ ಮಡಿಕೆಯನ್ನೋ ಹೊರಗೆ ನೂಕುತ್ತದೆ. ಈಗಿನ ಆಪರೇಷನ್ನಿನಲ್ಲಿ ಆ ಜಾಗಕ್ಕೆ ಒಂದು ಬಲೆ ಇಡುತ್ತಾರೆ, ಜನರ ಬಾಯಲ್ಲಿ ಅದು 'ಮೆಶ್'. ಹೆಚ್ಚಾಗಿ ಪಾಲಿಪ್ರೊಪಿಲೀನಿನದು, ಅಂದರೆ ಅಕ್ಕಿ ಗೊಬ್ಬರ ತುಂಬಿ ಬರುವ ನೇಯ್ದ ಪ್ಲಾಸ್ಟಿಕ್ ಚೀಲದ ವಂಶದ್ದೇ. ತೆರೆದು ಮಾಡುವ ಆಪರೇಷನ್ನಿನಲ್ಲಿ ಬಲೆ ಗೋಡೆಯ ಹೊರಮೈಗೆ ಬೀಳುತ್ತದೆ. ಮೂರು ಸಣ್ಣ ತೂತು ಕೊರೆದು ಮಾಡುವ ಲ್ಯಾಪರೊಸ್ಕೋಪಿಯಲ್ಲಿ ಒಳಮೈಗೆ. ಕಟ್ಟದ ನೀರಿನ ಬದಿಗೆ ಟರ್ಪಾಲು ಹಾಸಿದ ಹಾಗೆ, ತಳ್ಳುವ ಒತ್ತಡವೇ ಅದನ್ನು ಗೋಡೆಗೆ ಅಂಟಿಸಿ ಹಿಡಿಯುತ್ತದೆ. ಎರಡರಲ್ಲೂ ಕೆಲವು ವಾರಗಳಲ್ಲಿ ನಮ್ಮದೇ ಮಾಂಸತಂತುಗಳು ಬಲೆಯ ಕಣ್ಣುಗಳೊಳಗೆ ಬೆಳೆದು ಹೆಣೆದುಕೊಳ್ಳುತ್ತವೆ. ಚೇತರಿಕೆ ಎನ್ನುವುದು ಮುಖ್ಯವಾಗಿ ಈ ಹೆಣೆತದ ಕಾಲ.

ಹೊರೆಯೂ ಹರ್ನಿಯಾವೂ ನಂಟರೆಂಬುದು ಹೊಸ ಸಂಗತಿಯಲ್ಲ. ಸುಶ್ರುತ ಸಂಹಿತೆ ಏಳು ಬಗೆಯ ವೃದ್ಧಿರೋಗಗಳಲ್ಲಿ ಅಂತ್ರವೃದ್ಧಿಯನ್ನೂ ಎಣಿಸಿ, ಅದರ ಕಾರಣಗಳಲ್ಲಿ ಭಾರ ಹೊರುವುದು, ಬಲಶಾಲಿಯೊಡನೆ ಸೆಣಸುವುದು, ಮರದಿಂದ ಬೀಳುವುದು ಇವನ್ನು ಹೆಸರಿಸುತ್ತದೆ. ಅಡಿಕೆ ಸೀಮೆಯ ಯಾರಾದರೂ ಓದಿದರೆ ತಮ್ಮ ಊರಿನ ವರದಿ ಎಂದುಕೊಂಡಾರು. ಆದರೆ ಆ ಪಟ್ಟಿಯಲ್ಲಿ ಹೊರೆಯ ಜತೆಗೇ ಸೆಣಸಾಟವೂ ಬೀಳುವುದೂ ಇವೆ ಎಂಬುದನ್ನು ಗಮನಿಸಬೇಕು. ಗ್ರಂಥದ ಕಣ್ಣು ತೂಕದ ಮೇಲಿಲ್ಲ, ದೇಹ ಬಿಗಿದುಕೊಳ್ಳುವ ಗಳಿಗೆಯ ಮೇಲಿದೆ. ಇದನ್ನೇ 2005ರಲ್ಲಿ ಅಮೆರಿಕದ ಸರ್ಜನರ ಒಂದು ತಂಡ ಅಳೆದು ನೋಡಿತು. 20 ಮಂದಿ ಆರೋಗ್ಯವಂತ ತರುಣ ತರುಣಿಯರ ಮೂತ್ರಕೋಶದ ಮೂಲಕ ಹೊಟ್ಟೆಯೊಳಗಿನ ಒತ್ತಡವನ್ನು, ಬಿ.ಪಿ. ಅಳೆಯುವ ಅದೇ ಪಾದರಸದ ಲೆಕ್ಕದಲ್ಲಿ, ದಾಖಲಿಸಿದರು. ಸುಮ್ಮನೆ ನಿಂತಾಗ ಸರಾಸರಿ 20ರ ಆಸುಪಾಸು. ಮೆಟ್ಟಿಲು ಹತ್ತುವಾಗ 70ರ ಹತ್ತಿರ. ನಿಂತು ಕೆಮ್ಮಿದಾಗ 107. ನಿಂತಲ್ಲೇ ಜಿಗಿದಾಗ 171. ನಾಲ್ಕೂವರೆ ಕಿಲೋದಷ್ಟು ತೂಕವನ್ನು ಕೈಯಲ್ಲಿ ಎತ್ತಿ ಇಳಿಸಿದಾಗ ಇದಕ್ಕೆಲ್ಲ ಬಹಳ ಕೆಳಗೆ. 20 ಜನರ ಪ್ರಯೋಗವನ್ನು ವೇದವಾಕ್ಯವೆಂದು ಎತ್ತಿಹಿಡಿಯಬೇಕಿಲ್ಲ. ಆದರೂ ಒಂದು ಕೆಮ್ಮು ಒಂದು ಕೊಡಪಾನ ನೀರಿಗಿಂತ ಭಾರವಾಗಿರಬಹುದು ಎಂಬ ಮಾತು ನಮ್ಮ ಮನೆಗಳ ಆರೈಕೆಯ ಕ್ರಮವನ್ನೇ ಬುಡಮೇಲು ಮಾಡುವಂಥದು. ಕೊಡಪಾನವನ್ನು ಕೈಯಿಂದ ಕಿತ್ತುಕೊಳ್ಳುವ ಮನೆಯವರು ಬೀಡಿಯನ್ನು ಕಿತ್ತುಕೊಳ್ಳುವುದಿಲ್ಲ.

ಆದ್ದರಿಂದ ಮೊದಲ ಹದಿನೈದು ದಿನಗಳ ನಿಜವಾದ ಹೊರೆಗಳು ಎರಡು. ಒಂದು ಕೆಮ್ಮು. ಬೀಡಿ, ಸಿಗರೇಟು ಬಿಡುವುದಾದರೆ ಆಪರೇಷನ್ನಿಗೆ ನಾಲ್ಕಾರು ವಾರ ಮೊದಲೇ ಬಿಡಬೇಕು. ಗಾಯ ಮಾಯುವುದಕ್ಕೂ ಅದು ಒಳ್ಳೆಯದು. ಕೆಮ್ಮು ಬಂದೇ ಬಂದರೆ ಸಣ್ಣ ದಿಂಬನ್ನೋ ಮಡಚಿದ ಬೈರಾಸನ್ನೋ ಗಾಯದ ಮೇಲೆ ಅಂಗೈಯಿಂದ ಒತ್ತಿ ಹಿಡಿದು ಕೆಮ್ಮಬೇಕು. ಎರಡನೆಯದನ್ನು ಹೇಳಲು ನಮಗೆ ನಾಚಿಕೆ: ಮಲಬದ್ಧತೆ. ಅರಿವಳಿಕೆ, ನೋವಿನ ಮಾತ್ರೆ, ಅಲ್ಲಾಡದೆ ಮಲಗುವುದು, ಸಾಲದ್ದಕ್ಕೆ ನೋವಿನ ಹೆದರಿಕೆಯಿಂದ ತಡೆದುಕೊಳ್ಳುವುದು, ಇಷ್ಟೂ ಸೇರಿ ಮೂರು ದಿನ ಹೊಟ್ಟೆ ಕಟ್ಟುತ್ತದೆ. ಅದರ ಮೇಲೆ ನಮ್ಮ ಪಥ್ಯ. ತರಕಾರಿಯಲ್ಲಿ ಅರ್ಧ ನಂಜು, ಇನ್ನರ್ಧ ವಾಯು, ಬದನೆ ಕೂಡದು, ಚೀನಿಕಾಯಿ ಕೂಡದು, ಬೇಳೆ ಕೂಡದು, ಮೀನಿನ ಸುದ್ದಿಯೇ ಬೇಡ. ಕೊನೆಗೆ ಬಟ್ಟಲಲ್ಲಿ ಉಳಿಯುವುದು ಗಂಜಿ, ಉಪ್ಪು, ಸುಟ್ಟ ಹಪ್ಪಳ. ಗಂಜಿಯನ್ನು ಹಳಿಯುತ್ತಿಲ್ಲ. ಕುಚ್ಚಲಕ್ಕಿ ಗಂಜಿ ಹಗುರ, ನೀರೂ ಸೇರುತ್ತದೆ. ಆದರೆ ನಾರಿಲ್ಲದ ಊಟ ನಾಲ್ಕನೇ ದಿನ ಬಚ್ಚಲಕೊಟ್ಟಿಗೆಯ ಪಕ್ಕದ ಬಾಗಿಲ ಹಿಂದೆ ಮುಕ್ಕಿರಿಯುವಂತೆ ಮಾಡಿದರೆ, ಗೋಣಿ ಎತ್ತದೆ ಉಳಿಸಿದ್ದನ್ನೆಲ್ಲ ಅಲ್ಲಿ ಕಳೆದಂತೆಯೇ. ಬಾಳೆದಿಂಡಿನ ಪಲ್ಯ, ಹರಿವೆ ಸೊಪ್ಪು, ಬಸಳೆ, ಪಪ್ಪಾಯಿ, ನೇಂದ್ರವಲ್ಲದ ಹಣ್ಣುಬಾಳೆ, ಧಾರಾಳ ನೀರು ಮಜ್ಜಿಗೆ ಇವೆಲ್ಲ ಹಿತ್ತಿಲಲ್ಲೇ ಇರುವಾಗ ರೋಗಿಗೆ ಬಿಳಿ ಬ್ರೆಡ್ಡು ತಂದು ತಿನ್ನಿಸುವ ಪ್ರೀತಿಯನ್ನು ಏನನ್ನಬೇಕೋ! ಬೇಕಾದರೆ ಡಾಕ್ಟರನ್ನು ಕೇಳಿ ಮಲ ಮೆದುವಾಗಿಸುವ ಔಷಧ ತೆಗೆದುಕೊಳ್ಳಬಹುದು, ಅದರಲ್ಲಿ ಮಾನ ಹೋಗುವುದೇನಿಲ್ಲ. ನಂಜಿನ ಹಿಂದೆ ಹಿರಿಯರ ಅನುಭವವಿಲ್ಲವೇ ಎಂದು ಕೇಳಬಹುದು. ಇರಬಹುದು, ಯಾರಿಗಾದರೂ ಒಂದು ತಿಂಡಿ ಆಗದಿದ್ದರೆ ಬಿಡಲಿ. ಗಾಯ ಮಾಯಲು ಬೇಕಾದ ಪೌಷ್ಟಿಕವನ್ನು ಮಾತ್ರ, ಮೊಟ್ಟೆಯೋ ಬೇಳೆಯೋ ಮೀನೋ ಯಾವ ರೂಪದಲ್ಲಿಯಾದರೂ, ಗಾಯವಾದ ಹೊತ್ತಿಗೇ ತಪ್ಪಿಸುವ ನಿಯಮವನ್ನು ಅನುಭವ ಎಂದು ಒಪ್ಪುವುದು ಕಷ್ಟ.

ಮೂರು ತಿಂಗಳು ಮಲಗಬೇಕೆನ್ನುವ ಪಂಗಡಕ್ಕೂ ಒಂದು ಚರಿತ್ರೆ ಇದೆ; ಅದು ಬರೀ ಹೆದರಿಕೆಯಲ್ಲ. 1887ರಲ್ಲಿ ಇಟಲಿಯ ಪಾದುವಾದ ಎಡೋರ್ಡೊ ಬಸ್ಸೀನಿ ತನ್ನ ಹೊಸ ವಿಧಾನವನ್ನು ಮಂಡಿಸಿದ ಮೇಲೆ ಸುಮಾರು ನೂರು ವರ್ಷ ಹರ್ನಿಯಾ ಆಪರೇಷನ್ ಎಂದರೆ ಸಡಿಲವಾದ ಮಾಂಸದ ಎರಡು ಅಂಚುಗಳನ್ನು ಎಳೆದು ತಂದು ಹೊಲಿಯುವುದು. ಎಳೆದು ಹೊಲಿದ ಬಟ್ಟೆಗೆ ಹೊಲಿಗೆಯಲ್ಲೇ ಹರಿಯುವ ಚಾಳಿ. ಅದಕ್ಕೇ ಅಜ್ಜಂದಿರ ಕಾಲದಲ್ಲಿ ವಾರಗಟ್ಟಲೆ ಮಲಗಿಸುತ್ತಿದ್ದರು, ತಿಂಗಳುಗಟ್ಟಲೆ ಕೆಲಸ ಬಿಡಿಸುತ್ತಿದ್ದರು. ಆ ನಂಬಿಕೆ ಮೊದಲು ಅಲುಗಾಡಿದ್ದು ಒಂದು ಮಗುವಿನಿಂದ ಎನ್ನುತ್ತಾರೆ. 1932ರಲ್ಲಿ ಕೆನಡಾದ ಟೊರಾಂಟೊದಲ್ಲಿ ಅರ್ಲ್ ಶೌಲ್ಡೈಸ್ ಎಂಬ ಸರ್ಜನ್ ಏಳು ವರ್ಷದ ಹುಡುಗಿಗೆ ಅಪೆಂಡಿಕ್ಸ್ ಆಪರೇಷನ್ ಮಾಡಿದ. ಮಲಗಿರು ಎಂದರೆ ಆಕೆ ಕೇಳದೆ ಓಡಾಡಿದಳು, ಏನೂ ಆಗಲಿಲ್ಲ. ಆತ ಅದೇ ಪಾಠವನ್ನು ಹರ್ನಿಯಾಕ್ಕೆ ತಂದು, 1945ರಲ್ಲಿ ಅದಕ್ಕೇ ಮೀಸಲಾದ ಆಸ್ಪತ್ರೆ ತೆರೆದು, ರೋಗಿಗಳನ್ನು ಕೂಡಲೇ ನಡೆದಾಡಿಸತೊಡಗಿದ. 1958ರಲ್ಲಿ ಫ್ರಾನ್ಸಿಸ್ ಅಷರ್ ಪ್ಲಾಸ್ಟಿಕ್ ಬಲೆಯನ್ನು ತಂದ. 1989ರಲ್ಲಿ ಲಾಸ್ ಏಂಜಲೀಸಿನ ಇರ್ವಿಂಗ್ ಲಿಕ್ಟನ್‌ಸ್ಟೈನ್ ಅಂಚುಗಳನ್ನು ಎಳೆಯದೆಯೇ, ಹರಿದ ಜಾಗಕ್ಕೆ ಬಲೆಯ ತೇಪೆ ಹಾಕುವ ವಿಧಾನವನ್ನು ಪ್ರಚುರಪಡಿಸಿದ. ಆಮೇಲೆ ಹೊಲಿಗೆ ಹರಿಯುವ ಹಳೆಯ ಭಯಕ್ಕೆ ನೆಲೆ ತಪ್ಪಿತು. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿ, ತೊಡಕಿಲ್ಲದ ತೊಡೆಸಂದಿನ ಹರ್ನಿಯಾಕ್ಕೆ ನಿರ್ಬಂಧ ಹೇರುವುದರಿಂದ ಮರುಕಳಿಕೆ ಕಡಿಮೆಯಾಗುವುದಿಲ್ಲ, ಹೆಚ್ಚಿನವರು 3ರಿಂದ 5 ದಿನಗಳಲ್ಲಿ ದಿನನಿತ್ಯದ ಚಟುವಟಿಕೆಗೆ ಮರಳಬಹುದು ಎನ್ನುತ್ತದೆ. ಮಂಚ ಹಿಡಿದವನಿಗೆ ಕಾಲಿನ ರಕ್ತನಾಳದಲ್ಲಿ ಹೆಪ್ಪು, ಎದೆಯಲ್ಲಿ ಕಫ, ಹೊಟ್ಟೆಯಲ್ಲಿ ಬಿಗಿ ಈ ಮೂರು ಬೋನಸ್ಸು. ಅಜ್ಜನ ಮೂರು ತಿಂಗಳು ಅಜ್ಜನ ಹೊಲಿಗೆಗೆ ಸರಿ. ಮೊಮ್ಮಗನ ಬಲೆಗೆ ಅದೇ ಕ್ಯಾಲೆಂಡರು ತಗಲಿಸಬೇಕಿಲ್ಲ.

ಇಲ್ಲಿ ಎರಡನೇ ಪಂಗಡ ಕುಣಿದಾಡುವುದು ಬೇಡ. ಮಾರ್ಗಸೂಚಿ ಬರೆದವರ ಕಣ್ಣ ಮುಂದೆ ಯಾವ ದಿನನಿತ್ಯ ಇತ್ತು ಎಂದು ಕೇಳುವುದು ನ್ಯಾಯವಾದ ಆಕ್ಷೇಪವೇ. ಸಪಾಟು ನೆಲದ ಮೇಲೆ ಕಾರಿಗೆ ನಡೆದು, ಲಿಫ್ಟಿನಲ್ಲಿ ಹತ್ತಿ, ಕುರ್ಚಿಯಲ್ಲಿ ಕೂರುವ ದಿನಚರಿಗೂ, ಗುಡ್ಡೆಯ ಬದಿಯ ಮನೆಯಿಂದ ಬೈಲಿನ ತೋಟಕ್ಕೆ ಎಂಬತ್ತು ಮೆಟ್ಟಿಲು ಇಳಿಯುವ ದಿನಚರಿಗೂ ಹೆಸರು ಒಂದೇ, ಹೊಟ್ಟೆಗೆ ಬೀಳುವ ಒತ್ತಡ ಬೇರೆ. ಮಾರ್ಗಸೂಚಿಯಲ್ಲೇ ಒಂದು ಷರತ್ತು ಇದೆ, ಅದನ್ನು ಎರಡೂ ಕಡೆಯವರು ಮರೆಯುತ್ತಾರೆ: ಮೈಗೆ ಹಿತವೆನಿಸಿದಷ್ಟು. ನೋವೇ ಇಲ್ಲಿ ಕೊಳಗ. ನಮ್ಮ ಸರ್ಜನರು ಭಾರದ ಕೆಲಸಕ್ಕೆ ಸಾಮಾನ್ಯವಾಗಿ ಹೇಳುವ 4ರಿಂದ 6 ವಾರದ ಗಡುವು ಈ ಭೂಮಿಯನ್ನು ನೋಡಿ ಹೇಳಿದ ಮಾತು, ಅದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಲಾಗದು. ಆ ಗಡುವಿನ ಒಳಗಿನ ದಿನಗಳನ್ನು ತೋಟದ ಭಾಷೆಯಲ್ಲಿ ಬಿಡಿಸಿ ಹೇಳುವವರು ಮಾತ್ರ ಇಲ್ಲ. ಮೊದಲ ವಾರ ಅಂಗಳದ ಉದ್ದಗಲ ನಡೆದಾಟ, ಮೆಟ್ಟಿಲು ನಿಧಾನಕ್ಕೆ ಒಂದೊಂದಾಗಿ. ಮಂಚದಿಂದ ಏಳುವಾಗ ನೆಟ್ಟಗೆ ಎದ್ದು ಕೂರುವ ಬದಲು ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಬೇಕು. ಈ ಒಂದು ವಿದ್ಯೆಗೆ ಎರಡು ನೋವಿನ ಮಾತ್ರೆಯ ಬೆಲೆ. ಎರಡನೇ ಮೂರನೇ ವಾರಕ್ಕೆ ಕುರ್ಚಿಯಲ್ಲಿ ಕುಳಿತು ಅಡಿಕೆಯ ರಾಶಿಯಿಂದ ಉಳ್ಳಿಗಡ್ಡೆ, ಪಟೋರ, ಕರಿಗೋಟು ಬೇರೆ ಮಾಡುವುದು ಹಗುರ ಕೆಲಸ. ಉದುರಿದ ಅಡಿಕೆ ಹೆಕ್ಕುವುದು ನೋಡಲು ಹಗುರ. ನೂರು ಸಲ ಬಗ್ಗಿ ಏಳಬೇಕು, ಮೂರನೇ ವಾರ ಕಳೆಯಲಿ. ಹೆಗಲಿಗೆ ತೂಗುಹಾಕುವ ಹುಲ್ಲು ಕತ್ತರಿಸುವ ಯಂತ್ರ, ಗೊಬ್ಬರದ ಹೆಡಿಗೆ, ಗೋಣಿ ಆರು ವಾರದ ಆಚೆಗೆ, ಅದೂ ಮೊದಲು ಅರ್ಧ ತುಂಬಿಸಿ. ರಬ್ಬರು ಟ್ಯಾಪಿಂಗಿನವರ ಕತ್ತಿಗೆ ತೂಕವಿಲ್ಲ ನಿಜ. ಇಳಿಜಾರಿನಲ್ಲಿ ಮುನ್ನೂರು ಮರದ ಓಡಾಟಕ್ಕೂ ತುಂಬಿದ ಹಾಲಿನ ಬಕೆಟ್ಟಿಗೂ ತೂಕವಿದೆ.

ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯ ಬಗ್ಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಮರ ಹತ್ತಬೇಕಿಲ್ಲ, ನೆಲದಲ್ಲೇ ನಿಂತಿರುತ್ತೇವಲ್ಲ ಎಂದು ಮೂರನೇ ವಾರಕ್ಕೇ ಕೈಗೆತ್ತಿಕೊಳ್ಳುವವರು ಉಂಟು. ಬೀಳುವ ಅಪಾಯವನ್ನು ಅದು ತಪ್ಪಿಸಿದ್ದು ದೊಡ್ಡ ಉಪಕಾರವೇ. ಆದರೆ ಐವತ್ತು ಅರುವತ್ತು ಅಡಿ ಉದ್ದ ಚಾಚಿದ ಕೋಲನ್ನು ಗಾಳಿಯಲ್ಲಿ ನೆಟ್ಟಗೆ ನಿಲ್ಲಿಸಿ, ಕುತ್ತಿಗೆ ಮೇಲಕ್ಕೆತ್ತಿ, ಕೊನೆ ಕಳಚುವ ಗಳಿಗೆಗೆ ಜಗ್ಗುವಾಗ ಹೊಟ್ಟೆಯ ಸ್ನಾಯುಗಳು ಕಲ್ಲಾಗುವುದನ್ನು ಯಾರೂ ಮುಟ್ಟಿ ನೋಡಿಕೊಳ್ಳಬಹುದು. ಕೋಲಿನ ತೂಕ ಕೆಲವೇ ಕಿಲೋ; ಕೆಲಸದ ತೂಕ ಅದಲ್ಲ. ಮದ್ದು ಬಿಡುವ ಕೆಲಸವೂ ಹಾಗೆಯೇ. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತು, ಸುಣ್ಣ ಹಾಕಿ ಬೋರ್ಡೋ ದ್ರಾವಣ ಕದಡುವವನಿಗೆ ತಾನು ಏನನ್ನೂ ಎತ್ತಲಿಲ್ಲವೆಂಬ ಸಮಾಧಾನ. ಡ್ರಮ್ಮಿನಿಂದ ಡ್ರಮ್ಮಿಗೆ ಸುರಿದದ್ದನ್ನು, ಗನ್ನಿನ ಪೈಪನ್ನು ಗುಡ್ಡೆ ಮೇಲಕ್ಕೆ ಎಳೆದದ್ದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಇನ್ನು ಹೆಂಗಸರ ಪಾಡು. ತೊಡೆಸಂದಿನ ಹರ್ನಿಯಾ ಅವರಲ್ಲಿ ಕಡಿಮೆ, ಹೊಕ್ಕುಳಿನದೂ ಹಳೆಯ ಹೊಲಿಗೆಯದೂ ಕಡಿಮೆಯಲ್ಲ. ಮನೆಗೆಲಸವೆಲ್ಲ ಹಗುರ ಎಂಬ ಹಳೆಯ ತಕ್ಕಡಿಯಲ್ಲಿ ಅವರನ್ನು ತೂಗಿದರೆ ಹತ್ತನೇ ದಿನಕ್ಕೆ ಕುಕ್ಕರುಗಾಲಲ್ಲಿ ಕುಳಿತು ಹಾಲು ಕರೆಯುತ್ತಿರುತ್ತಾರೆ, ಬಚ್ಚಲಿನ ಹಂಡೆಗೆ ನೀರು ಹೊಯ್ಯುತ್ತಿರುತ್ತಾರೆ. ಹಳೆಯ ಗಾಯದ ಮೇಲಿನ ದೊಡ್ಡ ಹರ್ನಿಯಾಕ್ಕೆ ಮೇಲೆ ಹೇಳಿದ ಯಾವ ಗಡುವೂ ಸಾಲದು, ಅಲ್ಲಿ ಸರ್ಜನರು ಹೇಳಿದ ಲೆಕ್ಕವೇ ಲೆಕ್ಕ.

ಮೈಯಲ್ಲಿ ಏನೇನು ಕಾಣಿಸುತ್ತದೆ ಎಂಬುದನ್ನು ಮೊದಲೇ ತಿಳಿದಿದ್ದರೆ ಅರ್ಧ ಹೆದರಿಕೆ ತಪ್ಪುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಕಾಲು ಕೆಲವು ಗಂಟೆ ತನ್ನದಲ್ಲವೆಂಬಂತೆ ಇರುತ್ತದೆ, ಆಮೇಲೆ ಜುಮುಜುಮು ಎನ್ನುತ್ತ ಮರಳುತ್ತದೆ. ವಯಸ್ಸಾದ ಗಂಡಸರಿಗೆ ಆ ರಾತ್ರಿ ಮೂತ್ರ ಕಟ್ಟಿಕೊಳ್ಳುವುದುಂಟು. ಸಹಿಸಿಕೊಂಡು ಮಲಗುವ ವಿಷಯವಲ್ಲ, ನರ್ಸಿಗೆ ಹೇಳಬೇಕು. ಲ್ಯಾಪರೊಸ್ಕೋಪಿಯಾದರೆ ಹೊಟ್ಟೆಗೆ ತುಂಬಿಸಿದ್ದ ಅನಿಲದಿಂದ ಹೆಗಲ ತುದಿಯಲ್ಲಿ ನೋವು. ಆಪರೇಷನ್ ಹೊಟ್ಟೆಗೆ, ನೋವು ಹೆಗಲಿಗೆ ಎಂದು ಕಂಗಾಲಾಗಬೇಕಿಲ್ಲ, ಒಂದೆರಡು ದಿನದಲ್ಲಿ ಅದು ಹೋಗುತ್ತದೆ. ಎರಡು ಮೂರನೇ ದಿನ ಸ್ನಾನಕ್ಕೆ ಬಟ್ಟೆ ಬಿಚ್ಚಿದಾಗ ಕಾಣುವ ದೃಶ್ಯವೇ ಎಲ್ಲಕ್ಕಿಂತ ದೊಡ್ಡ ಆಘಾತ: ತೊಡೆಸಂದಿನಿಂದ ಕೆಳಗಿನದೆಲ್ಲ ನೇರಳೆಹಣ್ಣಿನ ಬಣ್ಣ, ಚೀಲ ಊದಿಕೊಂಡು ಬಿಗಿ. ಒಳಗೆ ಜಿನುಗಿದ ರಕ್ತ ನೀರಿನ ಹಾಗೆ ತಗ್ಗಿಗೆ ಇಳಿದದ್ದು ಅಷ್ಟೆ. ನೇರಳೆ ಹಸಿರಾಗಿ, ಹಸಿರು ಹಳದಿಯಾಗಿ ಎರಡು ಮೂರು ವಾರದಲ್ಲಿ ಮಾಸುತ್ತದೆ. ಕೆಳಗಿನಿಂದ ಆಧಾರ ಕೊಡುವ ಬಿಗಿ ಒಳಚಡ್ಡಿ ಆ ದಿನಗಳಿಗೆ ದೊಡ್ಡ ಸಹಾಯ; ಲಂಗೋಟಿಯನ್ನು ನಗೆಪಾಟಲು ಮಾಡಿ ಕಳೆದುಕೊಂಡ ತಲೆಮಾರಿಗೆ ಡಾಕ್ಟರು ಅದನ್ನೇ ಇಂಗ್ಲಿಷ್ ಹೆಸರಿನಲ್ಲಿ ಚೀಟಿ ಬರೆದು ಕೊಡುತ್ತಾರೆ. ಮೊದಲು ಗುಳ್ಳೆ ಇದ್ದ ಜಾಗದಲ್ಲೇ ಮತ್ತೆ ಮೆತ್ತಗಿನ ಊತ ಕಾಣಿಸಿ ಹರ್ನಿಯಾ ಮರಳಿ ಬಂತೆಂದು ಕಣ್ಣೀರು ಹಾಕುವವರಿದ್ದಾರೆ. ಹೆಚ್ಚಾಗಿ ಅದು ಖಾಲಿಯಾದ ಜಾಗದಲ್ಲಿ ತುಂಬಿದ ತಿಳಿನೀರು, ವಾರಗಳಲ್ಲಿ ಇಂಗುತ್ತದೆ. ಗಾಯದ ಕೆಳಗೆ ಬೆರಳಿಗೆ ಸಿಗುವ ಗಟ್ಟಿ ದಿಂಡು ಮಾಯುತ್ತಿರುವ ಮಾಂಸ, ಮೆತ್ತಗಾಗಲು ಎರಡು ಮೂರು ತಿಂಗಳು ಬೇಕು. ಅದನ್ನು ಕರಗಿಸಲು ಎಣ್ಣೆ ಹಚ್ಚಿ ತಿಕ್ಕುವ ಉಪಕಾರ ಯಾರೂ ಮಾಡಬಾರದು. ಅರಸಿನವೂ ಬೂದಿಯೂ ಗಾಯದ ಹತ್ತಿರ ಬರಬಾರದು. ಗಾಯದ ಕೆಳಗೆ ಅಂಗೈಯಗಲ ಜೋಮು ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಮನೆಮದ್ದಿಗೂ ತಾಳ್ಮೆಗೂ ಬಗ್ಗದವು ಬೇರೆ: ಜ್ವರ, ಕೀವು, ದಿನದಿನಕ್ಕೆ ಹೆಚ್ಚುವ ಕೆಂಪು ಮತ್ತು ನೋವು, ಹೊಟ್ಟೆ ಉಬ್ಬರಿಸಿ ವಾಂತಿ, ಮೂತ್ರ ಬಾರದಿರುವುದು, ಗಟ್ಟಿಯಾಗಿ ಒಳಹೋಗದ ನೋವಿನ ಗುಳ್ಳೆ. ಇವು ಕಂಡರೆ ಬೆಳಗಾಗುವುದನ್ನು ಕಾಯಬಾರದು.

ಇಷ್ಟೆಲ್ಲ ತಾಪತ್ರಯವಿದ್ದರೆ ಆಪರೇಷನ್ನೇ ಏಕೆ, ಬೆಲ್ಟು ಕಟ್ಟಿಕೊಂಡು ಇದ್ದುಬಿಡಬಾರದೇ ಎಂಬುದು ಹಳೆಯ ಪ್ರಶ್ನೆ. ಪೂರ್ತಿ ಮೂರ್ಖ ಪ್ರಶ್ನೆಯೂ ಅಲ್ಲ. ಅಮೆರಿಕದಲ್ಲಿ ತೊಂದರೆ ಕೊಡದ ಹರ್ನಿಯಾ ಇದ್ದ 720 ಗಂಡಸರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2006ರಲ್ಲಿ ಬಂತು; ಕಾದು ನೋಡುವುದರಿಂದ ಕೂಡಲೇ ದೊಡ್ಡ ಅಪಾಯವಿಲ್ಲವೆಂದು ಅದು ತೋರಿಸಿತು. ಅದೇ ಜನರನ್ನು ಮುಂದೆ ಹಿಂಬಾಲಿಸಿದಾಗ, ಕಾಯುವ ಗುಂಪಿನ ನೂರಕ್ಕೆ ಸುಮಾರು 68 ಮಂದಿ ಹತ್ತು ವರ್ಷದೊಳಗೆ ಆಪರೇಷನ್ನಿಗೆ ಬಂದೇ ಬರುತ್ತಾರೆಂದು 2013ರಲ್ಲಿ ಲೆಕ್ಕ ಸಿಕ್ಕಿತು, ಮುಖ್ಯವಾಗಿ ನೋವು ಹೆಚ್ಚಿದ್ದರಿಂದ. ಹೇಗೂ ಬರುವವರು ಯಾವಾಗ ಬರಬೇಕು? ನಮ್ಮಲ್ಲಿ ದಿನ ಇಡುವುದು ಮದ್ದಿನ ಲೆಕ್ಕದಲ್ಲಿ: ಪತ್ತನಾಜೆ ಕಳೆದು ಮೊದಲ ಸಲ ಮದ್ದು ಬಿಟ್ಟಾಯಿತು, ಎರಡನೇ ಮದ್ದಿಗೆ ನಲುವತ್ತು ದಿನ ಉಂಟು, ಆ ಸಂದಿನಲ್ಲಿ ಮಾಡಿಸಿಬಿಡುವ. ಕೇಳಲು ತಮಾಷೆ, ನೋಡಿದರೆ ಸರ್ಜನರು ಹೇಳುವ ಆರು ವಾರಕ್ಕೆ ಹತ್ತಿರ ಹತ್ತಿರ ಸರಿಹೊಂದುತ್ತದೆ. ತಪ್ಪುವುದು ಎಲ್ಲಿ ಎಂದರೆ, ನಲುವತ್ತನೇ ದಿನ ತಾನೇ ಮದ್ದು ಬಿಡುವೆನೆಂಬ ಹಟದಲ್ಲಿ. ಮುಂದೂಡುವವರಿಗೆ ಇನ್ನೊಂದು ವಿಷಯ ನೆನಪಿರಬೇಕು. ಕರುಳು ಸಿಕ್ಕಿಬಿದ್ದು ರಕ್ತ ನಿಂತರೆ ಗಂಟೆಗಳ ಲೆಕ್ಕ. ಸುಳ್ಯದಲ್ಲಿ ಕೆ.ವಿ.ಜಿ. ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ, ಪುತ್ತೂರಿನಲ್ಲಿ ಸರಕಾರಿ ಆಸ್ಪತ್ರೆಯೂ ಖಾಸಗಿಯವೂ ಇವೆ, ಪುತ್ತೂರಿನಿಂದ ಮಂಗಳೂರು ಐವತ್ತು ಚಿಲ್ಲರೆ ಕಿಲೋಮೀಟರ್. ಆದರೆ ಆಟಿಯ ಮಳೆಯಲ್ಲಿ, ಕಡಬದ ಒಳಗಿನ ಹಳ್ಳಿಯೊಂದರಲ್ಲಿ, ತೋಡು ದಾಟಿ ಜೀಪು ಸಿಗುವ ಜಾಗಕ್ಕೆ ಮಂಚಸಮೇತ ಹೊತ್ತು ತರಬೇಕಾದ ರಾತ್ರಿಗೆ ಈ ಕಿಲೋಮೀಟರುಗಳು ಅನ್ವಯಿಸುವುದಿಲ್ಲ.

ದುಡ್ಡಿನ ಆಕ್ಷೇಪಕ್ಕೆ ಮಾತ್ರ ಅಂಥ ಸಲೀಸಾದ ಉತ್ತರವಿಲ್ಲ. ಬಲೆಯ ಬೆಲೆಯ ಬಗ್ಗೆ ನಮ್ಮ ದೇಶದ ಹಳ್ಳಿಗಳ ಸರ್ಜನರೇ ಒಂದು ಚೋದ್ಯ ಮಾಡಿ ತೋರಿಸಿದರು. ಮಹಾರಾಷ್ಟ್ರದ ದೊಂಡಾಯಿಚಾದ ರವೀಂದ್ರನಾಥ ತೊಂಗಾಂವ್ಕರ್ ಶುದ್ಧೀಕರಿಸಿದ ಸೊಳ್ಳೆಪರದೆಯ ಬಟ್ಟೆಯನ್ನೇ ಬಲೆಯಾಗಿ ಬಳಸಿ 2003ರಲ್ಲಿ ವರದಿ ಮಾಡಿದರು. ನಕ್ಕವರು ಇರಬಹುದು. 2016ರಲ್ಲಿ ಉಗಾಂಡಾದಲ್ಲಿ 302 ಗಂಡಸರ ಮೇಲೆ ಇಂಥದೇ ಅಗ್ಗದ ಬಲೆಯನ್ನು ದುಬಾರಿ ಬಲೆಯೊಡನೆ ಹೋಲಿಸಿ ನೋಡಿದಾಗ ಒಂದು ವರ್ಷದ ಬಳಿಕ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಆಸ್ಪತ್ರೆಯ ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ, ಸಹಕಾರಿ ಸಂಘಗಳ ಸದಸ್ಯರಿಗೆ 2003ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಜೀವ ಪಡೆದ ಯಶಸ್ವಿನಿ ಇದೆ. ಈ ಕಾರ್ಡುಗಳು ಕೊಡುವುದು ಕತ್ತಿಯ ಖರ್ಚು. ಆಮೇಲಿನ ಆರು ವಾರದ ಕೂಲಿ ಯಾರ ಕಾರ್ಡಿನಲ್ಲೂ ಇಲ್ಲ. ತೋಟದ ಯಜಮಾನ ಕುರ್ಚಿಯಲ್ಲಿ ಕುಳಿತು ಪಟೋರ ಆರಿಸಬಲ್ಲ, ಅವನ ತೋಟದಲ್ಲಿ ಗೊಬ್ಬರ ಹೊರುವವನಿಗೆ ಆ ಕುರ್ಚಿ ಇಲ್ಲ. ಅವನು ಮೂರನೇ ವಾರಕ್ಕೆ ಹೆಡಿಗೆ ಎತ್ತಿದರೆ ಅದನ್ನು ಅಜ್ಞಾನವೆಂದು ಬೈಯುವುದು ಅನ್ಯಾಯ. ಆರು ವಾರ ಅವನಿಗೆ ಕೂತು ಮಾಡುವ ಕೆಲಸವನ್ನು ಅದೇ ಸಂಬಳಕ್ಕೆ ಕೊಡುವುದು ಯಜಮಾನನ ಕೈಯಲ್ಲೇ ಇದೆ. ಅಡಿಕೆ ಆರಿಸುವ ಕೆಲಸ ಹೇಗಿದ್ದರೂ ಯಾರಾದರೂ ಮಾಡಲೇಬೇಕಲ್ಲ!

ನಾಚಿಕೆಯ ಮಾತನ್ನು ಮುಟ್ಟದಿದ್ದರೆ ಇದು ಪೂರ್ತಿಯಾಗದು. ತೊಡೆಸಂದಿನ ರೋಗವೆಂದರೆ ಗಂಡಸುತನದ ರೋಗ ಎಂಬ ಗುಮಾನಿಯಿಂದ ವರ್ಷಗಟ್ಟಲೆ ಪಂಚೆಯ ಮಡಿಕೆಯಲ್ಲಿ ಮುಚ್ಚಿಟ್ಟುಕೊಳ್ಳುವವರು ಇದ್ದಾರೆ. ನೂರು ಗಂಡಸರಲ್ಲಿ 27ರಿಂದ 43 ಮಂದಿಗೆ ಬದುಕಿನಲ್ಲಿ ಎಂದಾದರೊಮ್ಮೆ ಬರುವ ತೊಂದರೆ ಇದು. ಜಾತ್ರೆಯ ಗದ್ದೆಯಲ್ಲಿ ಕಲ್ಲೆಸೆದರೆ ಒಬ್ಬನಿಗೆ ತಾಗುತ್ತದೆ. ದಾಂಪತ್ಯಕ್ಕೆ ಇದರಿಂದ ಕುಂದಿಲ್ಲ, ನೋವು ಇಳಿದ ಮೇಲೆ ಮೊದಲಿನಂತೆಯೇ. ಹಾಗೆಂದು ಎಲ್ಲವೂ ಸೊಗಸು ಎಂದು ಹೇಳಿದರೆ ಸುಳ್ಳಾಗುತ್ತದೆ. ಆಪರೇಷನ್ನಾದ ನೂರರಲ್ಲಿ ಹತ್ತು ಹನ್ನೆರಡು ಮಂದಿಗೆ ತಿಂಗಳುಗಳ ಬಳಿಕವೂ ಕಾಡುವ ನೋವು ಉಳಿಯುತ್ತದೆ, ಅವರಲ್ಲಿ ಕೆಲವರಿಗೆ ಕೆಲಸಕ್ಕೇ ಅಡ್ಡಿಯಾಗುವಷ್ಟು. ಅದಕ್ಕೆ ಕಾರಣ ಹೆಚ್ಚಾಗಿ ನರ, ರೋಗಿಯ ಮೈಗಳ್ಳತನವಲ್ಲ. ಮೂರು ತಿಂಗಳಾದರೂ ನೋವೆನ್ನುವವರನ್ನು ಮನೆಯವರು ಗೇಲಿ ಮಾಡುವ ಬದಲು ಸರ್ಜನರ ಬಳಿಗೆ ಮತ್ತೆ ಕರೆದೊಯ್ಯಬೇಕು, ಚಿಕಿತ್ಸೆ ಇದೆ.

ಆಸ್ಪತ್ರೆಗೆ ಹೋಗುವ ಮುಂಚಿನ ವಾರ ಮನೆಯಲ್ಲೂ ತೋಟದಲ್ಲೂ ಮಾಡಿಟ್ಟುಕೊಳ್ಳುವ ಕೆಲವು ಸಣ್ಣ ಕೆಲಸಗಳು ಮುಂದಿನ ಆರು ವಾರವನ್ನು ಹಗುರ ಮಾಡುತ್ತವೆ. ನೆಲದ ಚಾಪೆಯ ಬದಲು ಮೊಣಕಾಲೆತ್ತರದ ಮಂಚ. ಪಾಯಿಖಾನೆಯಲ್ಲಿ ಕುಕ್ಕರುಗಾಲು ಹಾಕುವುದು ತಪ್ಪಲ್ಲ, ಮೊದಲ ವಾರ ಗಾಯಕ್ಕೆ ಎಳೆತ. ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿ ಪೇಟೆಯಲ್ಲಿ ಸಿಗುತ್ತದೆ. ಬೈಕನ್ನು ಕಿಕ್ ಹೊಡೆಯುವುದು ಬೇಡ, ಗಕ್ಕನೆ ಬ್ರೇಕ್ ಒತ್ತಿದರೂ ನೋಯುವುದಿಲ್ಲ ಎಂದಾದ ಮೇಲೆ ಸವಾರಿ. ಪಂಪಿನ ಸ್ವಿಚ್ಚು ತೋಡಿನ ಬದಿಯಲ್ಲಿದ್ದರೆ ಅದನ್ನು ಹಾಕುವ ಹೊಣೆ ಬೇರೆಯವರಿಗೆ. ಎಲ್ಲಕ್ಕಿಂತ ಮೊದಲು ತೋಟದ ಕಣಿಗಳನ್ನು ನೋಡಬೇಕು. ಎರಡು ಸಾಲಿಗೊಂದರಂತೆ ನೀರು ಹೋಗಲು ತೋಡಿಟ್ಟ ಕಣಿ ಒಂದೂವರೆ ಎರಡು ಅಡಿ ಅಗಲ. ಹುಟ್ಟಿದಾರಭ್ಯ ದಾಟಿದವನ ಕಾಲು ಅದನ್ನು ಕಾಣುತ್ತಲೇ ಕೇಳದೆ ಜಿಗಿಯುತ್ತದೆ. ಗೋಣಿ ಮುಟ್ಟದೆ, ಹೆಡಿಗೆ ಮುಟ್ಟದೆ, ಬರಿಗೈಯಲ್ಲಿ ತೋಟ ನೋಡಿ ಬರಲು ಹೋದವನು ಹತ್ತು ಕಣಿ ದಾಟಿದರೆ ಆ ಪ್ರಯೋಗದ 171ನ್ನು ಹತ್ತು ಸಲ ಮುಟ್ಟಿದ ಹಾಗೆ. ದಿನವೂ ಓಡಾಡುವ ದಾರಿಯ ಕಣಿಗಳಿಗಾದರೂ ಅಡಿಕೆ ದಬ್ಬೆಯ ಸಂಕ ಹಾಕಿಸಿಡಬೇಕು. ಬರೇ ದಬ್ಬೆ ಪಾಚಿ ಹಿಡಿದು ಜಾರುತ್ತದೆ. ಮೇಲೊಂದು ಹಳೆಯ ಗೋಣಿ ಹಾಸಿ ನಾಲ್ಕು ಮೂಲೆಗೆ ಮೊಳೆ ಹೊಡೆಯಬೇಕು.